ಕೃತಕ ಕಾಲಿನ ಹೆಜ್ಜೆಯಿಂದ ಬೆಳೆದ ವಿದ್ಯೆ



ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಆರಂಭವಾಗುವ ದಿನಗಳಲ್ಲಿ ತಮ್ಮಲ್ಲಿ ಅನೇಕರ ಮನೆಗಳಲ್ಲಿ ರೋಬಾಟಿಕ್ಸ್, ಮೆಕಾಟ್ರಾನಿಕ್ಸ್ ಎಂಬ ಹೆಸರುಗಳು ಕೇಳಿಬರುತ್ತಿರಬಹುದು. ಇದು ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದ್ದೋ, ಎಲೆಕ್ಟ್ರಿಕಲ್ ವಿಭಾಗಕ್ಕೋ, ಕಂಪ್ಯೂಟರ್ ವಿಭಾಗಕ್ಕೋ ಎಂದು ಹಿರಿಯರು ಕೇಳುವುದು ಸಹಜವೇ ಆಗಿದೆ. ಆ ಪ್ರಶ್ನೆಯ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಪ್ರಶ್ನೆಯೂ ಇರುತ್ತದೆ. ನಾಲ್ಕು ಜನರ ಕೈಯ ಕೆಲಸವನ್ನು ಕಸಿದುಕೊಳ್ಳುವ ಯಂತ್ರವನ್ನು ಕಟ್ಟುವ ವಿದ್ಯೆಯಲ್ಲವೇ ಇದು? ಈ ಎರಡು ಪ್ರಶ್ನೆಗಳಿಗೂ ಪಠ್ಯಕ್ರಮದ ಪಟ್ಟಿಯಲ್ಲಿ ಉತ್ತರ ದೊರೆಯುವುದಿಲ್ಲ. ಆದುದರಿಂದ ಈ ವಿದ್ಯೆಯ ಇತಿಹಾಸದತ್ತ ತಮ್ಮ ಗಮನವನ್ನು ಸೆಳೆಯಬಯಸುತ್ತೇನೆ.

ಮೊದಲು ಹೆಸರಿನ ವಿಚಾರ. ‘ರೋಬಾಟ್’ ಎಂಬ ಪದ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ನಾಟಕದಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಪದವನ್ನು ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಚೆಕ್ ಭಾಷೆಯ ‘ರೋಬೋತಾ’ ಎಂದರೆ ಒಕ್ಕಲು ತನ್ನ ಒಡೆಯನಿಗೆ ಕಡ್ಡಾಯವಾಗಿ ಮಾಡಬೇಕಾಗಿದ್ದ ದುಡಿಮೆ. ನಮ್ಮ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿ ಎಂದು ಕರೆಯುತ್ತಿದ್ದರಲ್ಲ, ಅದೇ. (ಆ ನಾಟಕದ ರೋಬಾಟುಗಳು ಕಬ್ಬಿಣದವುಗಳಲ್ಲ, ರಸಾಯನ ವಿಧಾನದಿಂದ ತಯಾರಿಸಿದ ಮನುಷ್ಯಾಕೃತಿಗಳು ಎಂಬುದನ್ನು ಬಹಳ ಜನ ಮರೆತಿರುತ್ತಾರೆ.) ಇನ್ನು ‘ಮೆಕಾಟ್ರಾನಿಕ್ಸ್’ ಎಂಬುದು ಕಾರ್ಖಾನೆಯ ಕೂಸು. ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಇಂಜಿನಿಯರ್ ತೆತ್ಸುರೊ ಮೋರಿ ಎಂಬುವರು 1969ರಲ್ಲಿ ಮೆಕ್ಯಾನಿಸಂ ಮತ್ತು ಎಲೆಕ್ಟ್ರಾನಿಕ್ಸ್ ಪದಗಳನ್ನು ಬೆಸೆದು ಇದನ್ನು ರಚಿಸಿದರು. ಕಂಪನಿ ಮೊದಲಲ್ಲಿ ಅದನ್ನು ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿದ್ದರೂ 1982ರಲ್ಲಿ ಆ ಹಕ್ಕನ್ನು ಬಿಟ್ಟುಕೊಟ್ಟಿತು. ಹಾಗೆ ಬಿಟ್ಟುಕೊಟ್ಟುದರಿಂದಲೇ ವಿಶ್ವವಿದ್ಯಾಲಯಗಳು ಅದನ್ನು ನಿಸ್ಸಂಕೋಚವಾಗಿ ಬಳಸಲು ಸಾಧ್ಯವಾಯಿತೆನ್ನಬೇಕು.

ಕಾರ್ಖಾನೆಯ ಯಂತ್ರಬಾಹುವಿನ ಕಥೆಯನ್ನು ಅನೇಕರು ಬಲ್ಲರು. ಅಮೆರಿಕದ ಜಾರ್ಜ್ ಡೆವೋಲ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ‘ಯೂನಿಮೇಟ್’ ಎಂಬ ಬಾಹು ಅಚ್ಚಿನಿಂದ ಹೊರಬಂದ ಕಾದ ಲೋಹದ ತುಂಡುಗಳನ್ನು ಎತ್ತಿಡತೊಡಗಿತು. ಅದು ಮನುಷ್ಯನ ಕೈ ಸುಡುವ ಕೆಲಸವಾಗಿತ್ತೆಂಬುದು ನಿಜ. ಮನುಷ್ಯನಿಗೆ ಕೂಲಿ ಕೊಡುತ್ತಿದ್ದ ಕೆಲಸವಾಗಿತ್ತೆಂಬುದೂ ಅಷ್ಟೇ ನಿಜ. ಹಿರಿಯರ ಸಂಶಯಕ್ಕೆ ಆಧಾರವಿಲ್ಲದಿಲ್ಲ.

ಆದರೆ ಈ ವಿದ್ಯೆಗೆ ಇನ್ನೊಂದು ವಂಶವಿದೆ. ಅದು ಆರಂಭವಾದದ್ದು ಕೈಕಾಲು ಕಳೆದುಕೊಂಡವರ ಕಷ್ಟದಿಂದ. ಅಂದಿನ ಯುಗೋಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ 1960ರ ದಶಕದ ಆರಂಭದಲ್ಲಿ ರೈಕೋ ತೊಮೊವಿಚ್ ಮತ್ತು ಅವರ ಸಂಗಡಿಗರು ಐದು ಬೆರಳುಗಳ ಕೃತಕ ಹಸ್ತವೊಂದನ್ನು ನಿರ್ಮಿಸಿದರು. ಒತ್ತಡವನ್ನು ಅರಿಯುವ ಸಾಧನಗಳು ಅದರಲ್ಲಿದ್ದವು. ಹಿಡಿದ ವಸ್ತುವಿನ ಆಕಾರಕ್ಕೆ ತಕ್ಕಂತೆ ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳುತ್ತಿದ್ದವು. ಅದೇ ನಗರದ ಮಿಹಾಯ್ಲೊ ಪುಪಿನ್ ಸಂಸ್ಥೆಯಲ್ಲಿ ಮಿಯೊಮಿರ್ ವುಕೊಬ್ರಾತೊವಿಚ್ ಎಂಬ ವಿದ್ವಾಂಸರು, ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರನ್ನು ನಡೆಯಿಸಬಲ್ಲ ಯಾಂತ್ರಿಕ ಹೊರಕವಚಗಳನ್ನು ರಚಿಸಲು ಹೊರಟರು. ಮನುಷ್ಯ ನಡೆಯುವಾಗ ಬೀಳುವುದಿಲ್ಲವೇಕೆ ಎಂಬುದನ್ನು ಗಣಿತದಲ್ಲಿ ಹೇಳದ ಹೊರತು ಆ ಕವಚವನ್ನು ನಿಲ್ಲಿಸುವುದು ಸಾಧ್ಯವಿರಲಿಲ್ಲ.

ತಾವು ನಡೆಯುವ ಬಗೆಯನ್ನು ಒಮ್ಮೆ ಗಮನಿಸಿರಿ. ಒಂದು ಕಾಲು ನೆಲವನ್ನು ಬಿಟ್ಟ ಕ್ಷಣದಿಂದ ದೇಹವು ಮುಂದಕ್ಕೆ ವಾಲುತ್ತಲೇ ಇರುತ್ತದೆ. ಬೀಳುವ ಮುನ್ನ ಆ ಕಾಲು ನೆಲವನ್ನು ಮುಟ್ಟುತ್ತದೆ. ಯಂತ್ರಕ್ಕೆ ಈ ಧೈರ್ಯವನ್ನು ಕಲಿಸುವುದು ಕಠಿನ. ದೇಹದ ಭಾರಕೇಂದ್ರವು ಊರಿದ ಪಾದದ ಮೇಲೆಯೇ ಸದಾ ಇರುವಂತೆ ನೋಡಿಕೊಂಡರೆ ಯಂತ್ರ ಬೀಳುವುದಿಲ್ಲವೇನೋ ಸರಿ, ಆದರೆ ಅದರ ನಡಿಗೆ ಆಮೆಗಿಂತಲೂ ಮಂದವಾಗುತ್ತದೆ. ವುಕೊಬ್ರಾತೊವಿಚ್ ಅವರು ಭಾರದ ಜೊತೆಗೆ ಚಲನೆಯ ಜಡತ್ವವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಇವೆರಡೂ ಸೇರಿ ಯಂತ್ರವನ್ನು ಮಗುಚುವ ಬಲ ಶೂನ್ಯವಾಗುವ ಬಿಂದುವೊಂದು ನೆಲದ ಮೇಲಿರುತ್ತದೆ; ಆ ಬಿಂದು ಪಾದದ ಅಂಚಿನೊಳಗೆ ಇರುವವರೆಗೆ ನಡಿಗೆ ಭದ್ರ. ಈ ಶೂನ್ಯಬಿಂದುವಿನ ತತ್ತ್ವ 1968ರಿಂದ 1972ರ ಅವಧಿಯಲ್ಲಿ ರೂಪುಗೊಂಡಿತು.

ಅದನ್ನು ನಡೆಯುವ ಯಂತ್ರವಾಗಿಸಿದ ಕೀರ್ತಿ ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ. 1882ರಲ್ಲಿ ಸ್ಥಾಪಿತವಾದ ಈ ಖಾಸಗಿ ವಿದ್ಯಾಸಂಸ್ಥೆಯಲ್ಲಿ ಪ್ರೊಫೆಸರ್ ಇಚಿರೊ ಕಾತೊ (1925–1994) ಅವರು 1960ರ ದಶಕದಲ್ಲಿಯೇ ಕೃತಕ ಕೈಕಾಲುಗಳ ಅಧ್ಯಯನವನ್ನು ಕೈಗೊಂಡಿದ್ದರು. 1970ರಲ್ಲಿ ಅವರ ಸಂಕಲ್ಪ ಹಿಗ್ಗಿತು. ವಿಜ್ಞಾನ ಮತ್ತು ಇಂಜಿನಿಯರಿಂಗ್ ಶಾಖೆಯ ನಾಲ್ಕು ಪ್ರಯೋಗಶಾಲೆಗಳು ಒಂದುಗೂಡಿ, ಪೂರ್ಣ ಮನುಷ್ಯಾಕೃತಿಯ ಯಂತ್ರವನ್ನು ಕಟ್ಟಲು ಮುಂದಾದವು. 1973ರಲ್ಲಿ ‘ವಾಬಾಟ್-1’ ಸಿದ್ಧವಾಯಿತು. ಅದು ನಡೆಯುತ್ತಿತ್ತು, ಸ್ಪರ್ಶವನ್ನು ಅರಿಯುವ ಕೈಗಳಿಂದ ವಸ್ತುಗಳನ್ನು ಹಿಡಿದು ಸಾಗಿಸುತ್ತಿತ್ತು, ಕೃತಕ ಕಣ್ಣುಗಳಿಂದ ದೂರವನ್ನು ಅಳೆಯುತ್ತಿತ್ತು, ಜಪಾನೀ ಭಾಷೆಯಲ್ಲಿ ನಾಲ್ಕು ಮಾತು ಆಡುತ್ತಿತ್ತು.

ಅದರ ಕಾಲಿನ ಚರಿತ್ರೆ ಸ್ವಾರಸ್ಯವಾದುದು. ಎಣ್ಣೆಯ ಒತ್ತಡದಿಂದ ಚಲಿಸುತ್ತಿದ್ದ 1972ರ ಕಾಲುಗಳಿಗೆ ಒಂದು ಹೆಜ್ಜೆ ಇಡಲು 45 ಸೆಕೆಂಡು ಬೇಕಾಗುತ್ತಿತ್ತು. ಕಾತೊ ಅವರು ಎಣ್ಣೆಯ ಒತ್ತಡದ ನಡಿಗೆಯಂತ್ರದ ಪ್ರಬಂಧವನ್ನು ಅದೇ ವರ್ಷ ಯುಗೋಸ್ಲಾವಿಯಾದ ದುಬ್ರೊವ್ನಿಕ್ ನಗರದಲ್ಲಿ, ಕೃತಕ ಅವಯವಗಳನ್ನು ಕುರಿತು ನಡೆಯುತ್ತಿದ್ದ ವಿದ್ವತ್ಸಭೆಗೆ ಒಪ್ಪಿಸಿದರು. ಹೀಗೆ ಎರಡು ದೂರದೇಶಗಳ ಚಿಂತನೆ ಒಂದೇ ವೇದಿಕೆಗೆ ಬಂದಿತು. 1980ರ ವೇಳೆಗೆ ಹೆಜ್ಜೆಯ ಕಾಲ 10 ಸೆಕೆಂಡಿಗೆ ಇಳಿಯಿತು. 1984ರಲ್ಲಿ ಬೆಲ್‌ಗ್ರೇಡಿನ ಶೂನ್ಯಬಿಂದುವನ್ನು ಆಧಾರವಾಗಿ ಇಟ್ಟುಕೊಂಡು ರಚಿಸಿದ ಯಂತ್ರವು 1.3 ಸೆಕೆಂಡಿಗೆ ಒಂದರಂತೆ ಹೆಜ್ಜೆ ಹಾಕಿತು. ಅದೇ 1984ರಲ್ಲಿ ಕಾತೊ ಅವರ ಬಳಗ ಸ್ವರಲಿಪಿಯನ್ನು ಕ್ಯಾಮೆರಾ ಕಣ್ಣಿನಿಂದ ಓದಿ ಎಲೆಕ್ಟ್ರಾನಿಕ್ ಆರ್ಗನ್ ನುಡಿಸುವ ‘ವಾಬಾಟ್-2’ನ್ನೂ ಪೂರ್ಣಗೊಳಿಸಿತು. ನೋಡುವವರಿಗೆ ಅದೇ ಹೆಚ್ಚು ಆಕರ್ಷಕ. ಆದರೆ ನನ್ನ ಮಟ್ಟಿಗೆ ಹನ್ನೆರಡು ವರ್ಷಗಳಲ್ಲಿ 45 ಸೆಕೆಂಡನ್ನು 1.3 ಸೆಕೆಂಡಿಗೆ ಇಳಿಸಿದ ಆ ತಾಳ್ಮೆಯೇ ದೊಡ್ಡದು. ಆ ಒಂದು ಹೆಜ್ಜೆಗಾಗಿ ಮೂಳೆಯಂಥ ಚೌಕಟ್ಟು ಹಗುರವಾಗಬೇಕಿತ್ತು, ಕೀಲುಗಳಿಗೆ ಬಲ ಬರಬೇಕಿತ್ತು, ಪಾದಕ್ಕೆ ಸ್ಪರ್ಶಜ್ಞಾನ ಬೇಕಿತ್ತು, ಇವೆಲ್ಲವನ್ನೂ ಕ್ಷಣಕ್ಷಣಕ್ಕೆ ಲೆಕ್ಕ ಹಾಕುವ ಕಂಪ್ಯೂಟರ್ ಬೇಕಿತ್ತು. ಯಾವ ಒಂದು ವಿಭಾಗಕ್ಕೂ ಅದನ್ನು ಒಪ್ಪಿಸುವಂತಿರಲಿಲ್ಲ. ಹಿರಿಯರ ಮೊದಲ ಪ್ರಶ್ನೆಗೆ ಉತ್ತರ ಇದೇ: ವಿಭಾಗಗಳ ನಡುವಣ ಗೋಡೆಯಲ್ಲಿ ಬಾಗಿಲು ತೆರೆದ ಮೇಲೆಯೇ ಈ ವಿದ್ಯೆ ಹುಟ್ಟಿತು.

ವಿಶ್ವವಿದ್ಯಾಲಯಗಳು ಅದಕ್ಕೆ ಪ್ರತ್ಯೇಕ ಪೀಠವನ್ನು ಕೊಟ್ಟದ್ದು ಅನಂತರ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ರೋಬಾಟಿಕ್ಸ್ ಸಂಸ್ಥೆ ಸ್ಥಾಪಿತವಾಯಿತು. ಅದರ ಪ್ರಥಮ ನಿರ್ದೇಶಕರು ನಮ್ಮ ನೆರೆಯ ಆಂಧ್ರದ ಚಿತ್ತೂರು ಜಿಲ್ಲೆಯ ಕಾಟೂರು ಗ್ರಾಮದಲ್ಲಿ ಜನಿಸಿದ ರಾಜ್ ರೆಡ್ಡಿ. ರೋಬಾಟಿಕ್ಸ್ ಎಂಬ ಹೆಸರಿನಲ್ಲಿಯೇ ಡಾಕ್ಟರೇಟ್ ವ್ಯಾಸಂಗ ಅಲ್ಲಿ 1988ರಲ್ಲಿ ಆರಂಭವಾಯಿತು. ಕರ್ನಾಟಕವೂ ಹಿಂದುಳಿದಿಲ್ಲ. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದ್ದು, ಆಟೊಮೇಷನ್ ಮತ್ತು ರೋಬಾಟಿಕ್ಸ್ ಅಲ್ಲಿ ಪ್ರತ್ಯೇಕ ಶಾಖೆಯಾಗಿದೆ. ಮಣಿಪಾಲದಲ್ಲಿಯೂ ಮೆಕಾಟ್ರಾನಿಕ್ಸ್ ಪದವಿಯ ವ್ಯಾಸಂಗವಿದೆ.

ಇನ್ನುಳಿದದ್ದು ಎರಡನೆಯ ಪ್ರಶ್ನೆ. ಕೂಲಿಯವನ ಸ್ಥಾನದಲ್ಲಿ ನಿಲ್ಲುವ ಬಾಹುವಿಗೂ ಕೈ ಕಳೆದುಕೊಂಡವನ ಭುಜಕ್ಕೆ ಜೋಡಿಸುವ ಬಾಹುವಿಗೂ ವಿದ್ಯಾರ್ಥಿ ಬಿಡಿಸುವ ಸಮೀಕರಣಗಳು ಬಹುಮಟ್ಟಿಗೆ ಒಂದೇ ಎಂಬುದನ್ನು ಮುಚ್ಚಿಡಲಾಗದು. ಲೆಕ್ಕವು ತಾನಾಗಿ ಯಾವ ಕಡೆಗೂ ವಾಲುವುದಿಲ್ಲ. ಆದುದರಿಂದ ತಮ್ಮ ಮನೆಯ ಮಗುವು ಈ ಶಾಖೆಯನ್ನು ಆರಿಸಿಕೊಂಡರೆ, ಎಷ್ಟು ಸಂಬಳ ಬರುತ್ತದೆ ಎಂದು ವಿಚಾರಿಸುವ ಜೊತೆಗೆ ಅಂತಿಮ ವರ್ಷದಲ್ಲಿ ಏನನ್ನು ಕಟ್ಟಬೇಕೆಂದಿದ್ದೀಯೆ ಎಂದೂ ಕೇಳಿರಿ.

ಕಾತೊ ಅವರು ಏನನ್ನು ಕಟ್ಟಲು ಹೊರಟಿದ್ದರೆಂಬುದನ್ನು ಅವರ ಶಿಷ್ಯರು ಮರೆಯಲಿಲ್ಲ. ಗುರುಗಳು ತೀರಿಕೊಂಡ ಮೇಲೆ ಅತ್ಸುವೊ ತಕಾನಿಶಿ ಅವರು ವಾಸೆದಾದಲ್ಲಿ ಕಾಲುಗಳ ಕೆಲಸವನ್ನು ಮುಂದುವರಿಸಿದರು. ಗಾಲಿಕುರ್ಚಿ ಮೆಟ್ಟಿಲನ್ನು ಏರಲಾರದು. ಆ ಕೊರತೆಯನ್ನು ನೀಗಿಸುವ ಉದ್ದೇಶದಿಂದ ಅವರ ಬಳಗವು ಎರಡು ಕಾಲುಗಳ ಮೇಲೆ ಆಸನವನ್ನಿಟ್ಟ ಯಂತ್ರವೊಂದನ್ನು ರಚಿಸಿತು. 2003ರಲ್ಲಿ ಅದು ಜೀವಂತ ಮನುಷ್ಯನೊಬ್ಬನನ್ನು ಕೂಡಿಸಿಕೊಂಡು ನಡೆಯಿತು.