ಎರಿತ್ರೊಪೊಯೆಟಿನ್ ಮತ್ತು ಹೃದಯಸ್ನಾಯುವಿನ ರಕ್ಷಣೆ

ಎರಿತ್ರೊಪೊಯೆಟಿನ್ ವಯಸ್ಕರಲ್ಲಿ ಮುಖ್ಯವಾಗಿ ಮೂತ್ರಪಿಂಡದಲ್ಲಿ ಉತ್ಪತ್ತಿಯಾಗುವ ಹಾರ್ಮೋನು. ರಕ್ತದಲ್ಲಿ ಆಮ್ಲಜನಕ ಇಳಿದಾಗ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಅಸ್ಥಿಮಜ್ಜೆಯನ್ನು ಪ್ರಚೋದಿಸುವುದು ಇದರ ಪರಿಚಿತ ಕೆಲಸ. ಉಸಿರುಗಟ್ಟಿದ ಹೃದಯಸ್ನಾಯು ಕೋಶಗಳನ್ನು ಇದು ನೇರವಾಗಿಯೂ ಕಾಪಾಡುತ್ತದೆಂದು ಪ್ರಾಣಿಪ್ರಯೋಗಗಳು ತೋರಿಸಿವೆ. ಮನುಷ್ಯರಲ್ಲಿ ಆ ಗುಣ ಸಾಬೀತಾಗಿಲ್ಲ.

1977ರಲ್ಲಿ ಷಿಕಾಗೊದ ಯೂಜೀನ್ ಗೋಲ್ಡ್‌ವಾಸರ್ ಮತ್ತು ಜಪಾನಿನ ತಕಾಜಿ ಮಿಯಾಕೆ ತಂಡ, ತೀವ್ರ ರಕ್ತಹೀನತೆಯ ರೋಗಿಗಳಿಂದ ಸಂಗ್ರಹಿಸಿದ ಸುಮಾರು 2,550 ಲೀಟರು ಮೂತ್ರದಿಂದ ಕೆಲವೇ ಮಿಲಿಗ್ರಾಂ ಶುದ್ಧ ಹಾರ್ಮೋನನ್ನು ಬೇರ್ಪಡಿಸಿತು. 1985ರಲ್ಲಿ ಇದರ ಜೀನ್ ಕೈಗೆ ಸಿಕ್ಕಿತು. 1989ರಲ್ಲಿ ಈ ಹಾರ್ಮೋನು ಅಮೆರಿಕದಲ್ಲಿ ಮೂತ್ರಪಿಂಡ ವೈಫಲ್ಯದ ರಕ್ತಹೀನತೆಗೆ ಔಷಧಿಯಾಯಿತು. ಆಮ್ಲಜನಕದ ಕೊರತೆಯನ್ನು ಜೀವಕೋಶ ಹೇಗೆ ಗ್ರಹಿಸುತ್ತದೆಂಬ ಸಂಶೋಧನೆಗೂ ಇದೇ ಜೀನ್ ದಾರಿ ತೋರಿತು. ಆ ಸಂಶೋಧನೆಗೆ ಗ್ರೆಗ್ ಸೆಮೆನ್ಜಾ, ಪೀಟರ್ ರ್‍ಯಾಟ್‌ಕ್ಲಿಫ್, ವಿಲಿಯಂ ಕೇಲಿನ್ 2019ರ ನೊಬೆಲ್ ಪಡೆದರು.

ಹೃದಯದ ಧಮನಿ ಮುಚ್ಚಿಕೊಂಡರೆ ಸ್ನಾಯುಕೋಶದ ಶಕ್ತಿಸಂಗ್ರಹ ಬೇಗ ಬರಿದಾಗುತ್ತದೆ. ಸುಮಾರು 20 ನಿಮಿಷಗಳ ನಂತರ ಕೋಶಗಳು ಸಾಯತೊಡಗುತ್ತವೆ. ವಿಚಿತ್ರವೆಂದರೆ ಧಮನಿ ತೆರೆದು ರಕ್ತ ಮರಳಿದ ಗಳಿಗೆಯೂ ಅಪಾಯಕಾರಿ: ಕೋಶದೊಳಗೆ ಕ್ಯಾಲ್ಸಿಯಂ ತುಂಬಿ, ಆಮ್ಲಜನಕದ ಉಗ್ರ ರೂಪಗಳು ಹುಟ್ಟಿ, ಮೈಟೊಕಾಂಡ್ರಿಯದ ಪೊರೆಯಲ್ಲಿ ರಂಧ್ರಗಳು ತೆರೆದುಕೊಳ್ಳುತ್ತವೆ. ಒಮ್ಮೆ ಅವು ತೆರೆದವೆಂದರೆ ಕೋಶ ಉಳಿಯುವುದು ಕಷ್ಟ. ಎರಿತ್ರೊಪೊಯೆಟಿನ್ ತಡೆಯುವುದು ಇಲ್ಲಿಯೇ ಎಂಬುದು ಪ್ರಬಲ ವಿವರಣೆ. ಸ್ನಾಯುಕೋಶದ ಮೇಲಿನ ಗ್ರಾಹಕಕ್ಕೆ ಅದು ಅಂಟಿಕೊಂಡಾಗ ಜಾಕ್-2 ಮತ್ತು ಎಕೆಟಿ ಎಂಬ ಕಿಣ್ವಗಳು ಸರದಿಯಾಗಿ ಚುರುಕಾಗಿ, ರಂಧ್ರ ತೆರೆಯದಂತೆಯೂ ಕೋಶ ತನ್ನನ್ನು ತಾನೇ ಕೊಂದುಕೊಳ್ಳದಂತೆಯೂ ತಡೆಯುತ್ತವೆ. ಕೆಂಪು ಕಣಗಳು ಹೆಚ್ಚಲು ದಿನಗಳೇ ಬೇಕು, ಈ ರಕ್ಷಣೆಯಾದರೋ ಕೂಡಲೇ ಸಿಗುತ್ತದೆ. ಆದ್ದರಿಂದ ಇದನ್ನು ರಕ್ತವೃದ್ಧಿಯ ಫಲವೆನ್ನಲಾಗದು. 2003ರ ಸುಮಾರಿಗೆ ಇಲಿ, ಮೊಲಗಳಲ್ಲಿ ಹಾರ್ಮೋನು ಕೊಟ್ಟಾಗ ಸತ್ತ ಸ್ನಾಯುವಿನ ಪ್ರಮಾಣ ಗಣನೀಯವಾಗಿ ತಗ್ಗಿತ್ತು.

ಆಸ್ಪತ್ರೆಯಲ್ಲಿ ಕಂಡದ್ದು ಬೇರೆ. ನೆದರ್‌ಲೆಂಡ್ಸ್‌ನ ಹೀಬಿ-3 ಪ್ರಯೋಗದಲ್ಲಿ (2010) ಧಮನಿ ತೆರೆದ ಬಳಿಕ 60,000 ಯೂನಿಟ್ ಕೊಟ್ಟರೂ ಹೃದಯದ ಪಂಪ್ ಸಾಮರ್ಥ್ಯ ಸುಧಾರಿಸಲಿಲ್ಲ. ಅಮೆರಿಕದ ರಿವೀಲ್ ಪ್ರಯೋಗದಲ್ಲಿ (2011) ಅಷ್ಟೇ ಪ್ರಮಾಣ ಪಡೆದವರಲ್ಲಿ ಹಾನಿಯ ವಿಸ್ತಾರ ತಗ್ಗಲಿಲ್ಲ. 70 ದಾಟಿದವರಲ್ಲಿ ಮೊದಲ ವಾರ ಅದು ಹೆಚ್ಚಾಗಿಯೇ ಇತ್ತು. ಪ್ರಾಣಿಗಳಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಏಕೆ ಫಲಿಸಲಿಲ್ಲ? ಪ್ರಯೋಗಾಲಯದ ಇಲಿ ಎಳೆಯದು, ಆರೋಗ್ಯವಂತ. ಹೃದಯಾಘಾತದ ರೋಗಿಗೆ ವಯಸ್ಸು, ಮಧುಮೇಹ, ಹತ್ತಾರು ಔಷಧಿಗಳ ಹೊರೆ. ಮದ್ದು ಕೊಡುವ ಹೊತ್ತೂ ಬೇರೆ. ಇದೊಂದು ಸಮರ್ಥ ವಿವರಣೆ, ಆದರೆ ಪೂರ್ಣ ವಿವರಣೆಯಲ್ಲ. ರಕ್ತ ದಪ್ಪಗಾಗಿ ಹೆಪ್ಪುಗಟ್ಟುವ ಭಯವೂ ದೊಡ್ಡ ಪ್ರಮಾಣಕ್ಕೆ ಅಡ್ಡಿ.

ಹೀಗಾಗಿ ಕೆಂಪು ಕಣಗಳನ್ನು ಹೆಚ್ಚಿಸದೆ ಕೋಶಗಳನ್ನಷ್ಟೇ ಕಾಪಾಡುವ ರೂಪಾಂತರಗಳತ್ತ ಗಮನ ಹರಿಯಿತು. 2004ರಲ್ಲಿ ವರದಿಯಾದ ಕಾರ್ಬಮೈಲೀಕೃತ ಎರಿತ್ರೊಪೊಯೆಟಿನ್ ಅಂಥದ್ದು. ಅದು ಅಸ್ಥಿಮಜ್ಜೆಯನ್ನು ಪ್ರಚೋದಿಸದಿದ್ದರೂ ಪ್ರಾಣಿಗಳ ನರಕೋಶ ಮತ್ತು ಹೃದಯಕೋಶಗಳಿಗೆ ರಕ್ಷಣೆ ನೀಡಿದೆ.