ನಾಗರಕಲ್ಲಿನ ಜೊತೆಗೊಂದು ಕೆರೆ

ಉತ್ತರಹಳ್ಳಿಯಂಥ ಹಳ್ಳಿಗಳು ಬೆಂಗಳೂರಿನೊಳಗೆ ಸೇರಿಹೋಗಿವೆ. ಹೊಲಗಳಿದ್ದಲ್ಲಿ ಬಡಾವಣೆಗಳು ಬಂದಿವೆ. ಆದರೂ ನಗರದ ದಕ್ಷಿಣದ ಹಳೆಯ ಊರುಗಳ ಗುರುತು ಹಿಡಿಯಲು ಒಂದು ಸುಲಭ ದಾರಿಯುಂದು: ಅಶ್ವತ್ಥಕಟ್ಟೆ ಎಲ್ಲಿದೆಯೆಂದು ನೋಡಿದರಾಯಿತು. ಅರಳಿ, ಬೇವು ಒಟ್ಟಿಗೆ ಬೆಳೆದ ಕಟ್ಟೆ. ಅದರ ಮೇಲೆ ಅರಿಸಿನ ಕುಂಕುಮ ಮೆತ್ತಿದ ನಾಗರಕಲ್ಲುಗಳ ಸಾಲು.

ಈ ಕಲ್ಲುಗಳನ್ನು ಶಿಲ್ಪವೆಂದು ನೋಡುವವರು ಕಡಿಮೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ಅವುಗಳಲ್ಲಿರುವ ವೈವಿಧ್ಯ ತಿಳಿಯುತ್ತದೆ. ಒಂದರಲ್ಲಿ ಹೆಡೆಬಿಚ್ಚಿದ ಒಂಟಿ ನಾಗ. ಇನ್ನೊಂದರಲ್ಲಿ ಹೆಣೆದುಕೊಂಡ ಜೋಡಿನಾಗ, ನಡುವೆ ಪುಟ್ಟ ಲಿಂಗ. ಮತ್ತೆ ಕೆಲವು ನಾಗಿಣಿಯರು: ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವು.

ಇವುಗಳಲ್ಲಿ ಬಹಳಷ್ಟು ಹೆಂಗಸರ ಹರಕೆಯ ಕಲ್ಲುಗಳು. ಮಕ್ಕಳ ಭಾಗ್ಯ ಬೇಡಿ ನಾಗಪ್ರತಿಷ್ಠೆ ಮಾಡಿಸುವ ಪದ್ಧತಿ ಘಾಟಿ ಸುಬ್ರಹ್ಮಣ್ಯ, ವಿದುರಾಶ್ವತ್ಥಗಳಲ್ಲಿ ಇಂದಿಗೂ ಇದೆ. ಕಡೆದ ಕಲ್ಲನ್ನು ಮೊದಲು ಕೆಲಕಾಲ ನೀರಿನಲ್ಲಿ ಮುಳುಗಿಸಿಡುವುದು, ಬಳಿಕ ಮರದಡಿ ನಿಲ್ಲಿಸುವುದು ಸಂಪ್ರದಾಯ. ಶ್ರಾವಣದ ನಾಗರಪಂಚಮಿಯಂದು ತನಿ ಎರೆಯುವವರೂ ಹೆಚ್ಚಾಗಿ ಹೆಂಗಸರೇ. ಅಂದರೆ ನೀರು, ಮರ, ಹುತ್ತ ಮೂರೂ ಸೇರಿದರೇ ಈ ಪೂಜೆ ಪೂರ್ಣ.

ಈ ನಂಟು ಎಷ್ಟು ಹಳೆಯದು? ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ ಇದಕ್ಕೊಂದು ಸಾಕ್ಷಿ ಇದೆ. ಅಲ್ಲಿನ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗಶಿಲ್ಪವೊಂದಿದ್ದು, ಅದರ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಕದಂಬರಿಗಿಂತ ಮುಂಚೆ ಬನವಾಸಿಯನ್ನಾಳಿದ ಚುಟು ಮನೆತನದ ಕಾಲದ್ದು. ಅಂದರೆ ಸುಮಾರು ಕ್ರಿ.ಶ. 2-3ನೇ ಶತಮಾನದ್ದು. ದಾನ ಕೊಟ್ಟವಳು ರಾಜನ ಮಗಳು ನಾಗಶ್ರೀ. ಕಲ್ಲು ಕಡೆದವನು ಇದಮೋರಕನೆಂಬ ಆಚಾರ್ಯನ ಶಿಷ್ಯ ನಟಕ. ಕರ್ನಾಟಕದಲ್ಲಿ ಶಿಲ್ಪಿಯ ಹೆಸರು ದೊರೆಯುವ ಬಹು ಹಳೆಯ ಕೃತಿಗಳಲ್ಲಿ ಇದೂ ಒಂದು.

ಆಕೆ ಕೊಟ್ಟದ್ದು ಬರೀ ನಾಗನನ್ನಲ್ಲ ಎಂಬುದು ಗಮನಿಸಬೇಕಾದ ಸಂಗತಿ. ನಾಗ, ಕೆರೆ, ವಿಹಾರ ಈ ಮೂರನ್ನೂ ಶಾಸನ ಒಂದೇ ದಾನವಾಗಿ ಹೇಳುತ್ತದೆ. ವಿಹಾರವೆಂದರೆ ಬೌದ್ಧ ಭಿಕ್ಷುಗಳ ವಾಸಸ್ಥಾನ. ಮತ ಯಾವುದೇ ಇರಲಿ, ಜನರ ನಂಬಿಕೆಯಲ್ಲಿ ನಾಗ ನೀರಿನ ಕಾವಲುಗಾರ. ಕೆರೆ ಕಟ್ಟಿಸಿದವಳು ಅದನ್ನು ಕಾಯಲು ನಾಗನನ್ನೂ ಕೂರಿಸಿದಳು ಎಂದು ಊಹಿಸಿದರೆ ತಪ್ಪಾಗಲಾರದು.

ಇಂದು ನಾವು ಮಾಡುತ್ತಿರುವುದು ಇದಕ್ಕೆ ತಿರುಗುಮುರುಗು. ರಸ್ತೆ ಅಗಲಿಸುವಾಗ ಕಟ್ಟೆ ಅಡ್ಡ ಬಂದರೆ ಕಲ್ಲುಗಳನ್ನು ಭಕ್ತಿಯಿಂದಲೇ ಎತ್ತಿ ಹತ್ತಿರದ ಗುಡಿಯ ಮೂಲೆಗೆ ಸೇರಿಸುತ್ತೇವೆ. ಮರವನ್ನು ಕಡಿಯುತ್ತೇವೆ. ಉಳಿದ ಮರದ ಬುಡಕ್ಕೂ ಸಿಮೆಂಟು ಬಳಿಯುತ್ತೇವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಬೇಕು. ಆದರೆ ಮರ, ಕಲ್ಲು, ನೀರು ಸೇರಿದ ತಾಣವನ್ನು ಒಂದಾಗಿ ನೋಡುವ ಕಣ್ಣು ಕಾಯ್ದೆಯಿಂದ ಬರುವಂಥದಲ್ಲ.

ಉತ್ತರಹಳ್ಳಿಯಲ್ಲಿ ದೊರೆಕೆರೆ ಇನ್ನೂ ಇದೆ. ಪಕ್ಕದಲ್ಲೇ ಸುಬ್ರಹ್ಮಣ್ಯಪುರ, ನಾಗರೂಪದಲ್ಲಿ ಪೂಜೆಗೊಳ್ಳುವ ದೇವರ ಹೆಸರಿನ ಊರು. ಅಲ್ಲಿಯೂ ಒಂದು ಕೆರೆ. ನಾಗರಪಂಚಮಿಯಂದು ಕಲ್ಲಿಗೆ ಹಾಲೆರೆಯುವವರು ಆ ಕೆರೆಗಳ ಕಡೆಗೂ ಒಮ್ಮೆ ನಡೆದುಹೋಗಿ ನೋಡಬೇಕು. ನಾಗಶ್ರೀಯ ದಾನದಲ್ಲಿ ಕಲ್ಲಿನ ಪಕ್ಕದಲ್ಲೇ ಇದ್ದದ್ದು ಕೆರೆ.