ರೋಗಿಯ ಕಡತ ಓದಲು ಕಲಿಸುವ ಎರಡು ವರ್ಷ

1918ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಶಸ್ತ್ರವೈದ್ಯರ ಸಂಘಟನೆ ನೂರಕ್ಕೂ ಹೆಚ್ಚು ಹಾಸಿಗೆಗಳಿದ್ದ 692 ಆಸ್ಪತ್ರೆಗಳ ತಪಾಸಣೆ ನಡೆಸಿತು. ಕನಿಷ್ಠ ಗುಣಮಟ್ಟ ಮುಟ್ಟಿದವು 89 ಮಾತ್ರ. ಹೆಸರುವಾಸಿ ಆಸ್ಪತ್ರೆಗಳೂ ಫೇಲಾಗಿದ್ದರಿಂದ, ಪತ್ರಿಕೆಗಳ ಕೈಗೆ ಸಿಗಬಾರದೆಂದು ಆ ಪಟ್ಟಿಯನ್ನೇ ಸುಟ್ಟುಹಾಕಿದರು. ಆ ಗುಣಮಟ್ಟದ ನಿಯಮಗಳೆಲ್ಲ ಸೇರಿ ಒಂದೇ ಪುಟದಷ್ಟು. ಅವುಗಳಲ್ಲಿ ಒಂದು ಹೀಗಿತ್ತು: ಪ್ರತಿ ರೋಗಿಯ ಬಗ್ಗೆಯೂ ನಿಖರವಾದ, ಪೂರ್ಣವಾದ ದಾಖಲೆ ಬರೆದಿಡಬೇಕು, ಬೇಕೆಂದಾಗ ಅದು ಕೈಗೆ ಸಿಗಬೇಕು. ಇಂದು ಅಮೆರಿಕದ ಎರಡು ವರ್ಷದ ಕಮ್ಯೂನಿಟಿ ಕಾಲೇಜುಗಳು ಕಲಿಸುವ ಆರೋಗ್ಯ ಮಾಹಿತಿ ನಿರ್ವಹಣೆಯ ಬೇರು ಆ ನಿಯಮದಲ್ಲಿದೆ.

ಬರೆದಿಡುವುದು ವೈದ್ಯರ ಕೆಲಸವಾದರೆ, ಬರೆದದ್ದು ಪೂರ್ತಿಯಾಗಿದೆಯೇ ಎಂದು ನೋಡುವವರೂ ಬೇಕಾದರು. 1928ರಲ್ಲಿ ಬಾಸ್ಟನ್ನಿನಲ್ಲಿ ಇಂಥ ದಾಖಲೆಪಾಲಕರು ಸಂಘ ಕಟ್ಟಿಕೊಂಡರು. ಮೊದಲ ಅಧ್ಯಕ್ಷೆ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಗ್ರೇಸ್ ವೈಟಿಂಗ್ ಮೈಯರ್ಸ್. ಸಂಘದಲ್ಲಿದ್ದವರು ಬಹುಪಾಲು ಹೆಂಗಸರೇ. 1930ರ ದಶಕದಲ್ಲಿ ಇದಕ್ಕೆಂದೇ ಮಾನ್ಯತೆ ಪಡೆದ ಶಾಲೆಗಳು ಬಂದವು. 1953ರ ಹೊತ್ತಿಗೆ ದಾಖಲೆಪಾಲಕರ ದರ್ಜೆಯ ಕೆಳಗೆ ತಂತ್ರಜ್ಞರ ತರಬೇತಿಯೂ ಶುರುವಾಯಿತು. ಎರಡು ವರ್ಷದ ಓದಿಗೆ ದಾರಿಯಾದದ್ದು ಇದೇ.

1901ರಲ್ಲಿ ಇಲಿನಾಯ್ಸ್‌ನ ಜೋಲಿಯೆಟ್‌ನಲ್ಲಿ ಆರಂಭವಾದ ಸಾರ್ವಜನಿಕ ಕಮ್ಯೂನಿಟಿ ಕಾಲೇಜಿನ ಮಾದರಿ 1960ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಹರಡಿತು. ಶುಲ್ಕ ಕಡಿಮೆ, ಸಂಜೆ ತರಗತಿ, ಮನೆಯ ಹತ್ತಿರ. ಅದೇ ದಶಕದಲ್ಲಿ, 1965ರಲ್ಲಿ, ವೃದ್ಧರಿಗಾಗಿ ಮೆಡಿಕೇರ್ ವಿಮೆ ಬಂದು ಆಸ್ಪತ್ರೆಗಳ ಕಾಗದಪತ್ರ ಬೆಟ್ಟವಾಯಿತು. ದಾಖಲೆ ನೋಡಿಕೊಳ್ಳಲು ಆಗಿನ ವಿದ್ಯಾರ್ಥಿ ಕಲಿಯುತ್ತಿದ್ದ ಕೆಲಸ ಕೈಗೂ ಕಣ್ಣಿಗೂ ಸೇರಿದ್ದು. ಕಡತದ ಸಂಖ್ಯೆ 46-52-02 ಆಗಿದ್ದರೆ ಹುಡುಕುವುದು ಹಿಂದಿನಿಂದ: ಮೊದಲು 02ರ ಕಪಾಟು, ಅಲ್ಲಿ 52ರ ಸಾಲು, ಅದರೊಳಗೆ 46. ಹೀಗೆ ಮಾಡಿದರೆ ಹೊಸ ಕಡತಗಳೆಲ್ಲ ಒಂದೇ ಮೂಲೆಯಲ್ಲಿ ಗುಡ್ಡೆ ಬೀಳದೆ ಎಲ್ಲ ಕಪಾಟುಗಳಿಗೂ ಸಮನಾಗಿ ಹಂಚಿಹೋಗುತ್ತವೆ. ಅಂಕಿಗೊಂದು ಬಣ್ಣದ ಪಟ್ಟಿ ಅಂಟಿಸಿದ್ದರಿಂದ ತಪ್ಪು ಜಾಗದಲ್ಲಿಟ್ಟ ಕಡತ ದೂರದಿಂದಲೇ ಕಾಣುತ್ತಿತ್ತು. ಎಷ್ಟು ಸರಳ, ಎಷ್ಟು ಜಾಣ ಏರ್ಪಾಡು!

1983 ಈ ಕ್ಷೇತ್ರವನ್ನು ಬುಡಸಮೇತ ಬದಲಿಸಿತು. ಆಸ್ಪತ್ರೆ ಮಾಡಿದ ಖರ್ಚನ್ನು ಹಾಗೇ ತುಂಬಿಕೊಡುವ ಬದಲು, ರೋಗನಿರ್ಣಯದ ಗುಂಪಿಗೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿದ ಮೊತ್ತವನ್ನು ಮೆಡಿಕೇರ್ ಕೊಡತೊಡಗಿತು. ಕಡತ ಓದಿ ರೋಗಕ್ಕೆ ತಕ್ಕ ಸಂಕೇತವನ್ನು, ಅಂದರೆ ಕೋಡನ್ನು, ಬರೆಯುವವರ ಕೈಯಲ್ಲಿ ಆಸ್ಪತ್ರೆಯ ಆದಾಯ ಬಂದು ಕೂತಿತು. ನೆಲಮಾಳಿಗೆಯಲ್ಲಿ ಕೂತು ಮಾಡುತ್ತಿದ್ದ ಈ ಕೆಲಸಕ್ಕೆ ಮರ್ಯಾದೆ ಬಂದದ್ದು ನಿಜ. ಆದರೆ ರೋಗಿಯ ಒಳಿತಿಗೆಂದು ಹುಟ್ಟಿದ ದಾಖಲೆಯನ್ನು ಬಿಲ್ಲಿನ ಕಣ್ಣಿಂದಲೇ ಓದುವ ರೂಢಿಯೂ ಬಂತು, ಪಠ್ಯಕ್ರಮವೂ ಆ ಕಡೆ ವಾಲಿತು. ಇದು ನನಗೆ ಇಂದಿಗೂ ಸಮಾಧಾನ ಕೊಡದ ಸಂಗತಿ.

ಹಾಗೆಂದು ಕೋಡಿಂಗ್ ಕೀಳು ವಿದ್ಯೆಯಲ್ಲ. ಇಂದಿನ ಒಂದು ಕಡತ ತೆಗೆದುಕೊಳ್ಳಿ. ರೋಗಿಗೆ ಎರಡನೇ ಬಗೆಯ ಸಕ್ಕರೆ ಕಾಯಿಲೆ ಎಂದು ಒಂದು ಪುಟದಲ್ಲಿದೆ. ನಾಲ್ಕನೇ ಹಂತದ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದು ಇನ್ನೊಂದರಲ್ಲಿ. ಬಹುಕಾಲದಿಂದ ಇನ್ಸುಲಿನ್ ನಡೆದಿದೆ ಎಂಬುದು ಔಷಧಿಯ ಪಟ್ಟಿಯಲ್ಲಿ. ಅವಸರದವರು ಇ11.9, ಅಂದರೆ ತೊಡಕಿಲ್ಲದ ಸಕ್ಕರೆ ಕಾಯಿಲೆ, ಎಂದು ಬರೆದು ಮುಗಿಸಿಬಿಡುತ್ತಾರೆ. ವೈದ್ಯರು ಸಂಬಂಧವಿಲ್ಲವೆಂದು ಬರೆಯದಿದ್ದರೆ ಈ ಎರಡು ಕಾಯಿಲೆಗಳಿಗೆ ನಂಟಿದೆಯೆಂದೇ ತಿಳಿಯಬೇಕೆಂಬುದು ನಿಯಮ. ಅದನ್ನು ಬಲ್ಲವರು ಬರೆಯುವುದು ಇ11.22, ಅಂದರೆ ಮೂತ್ರಪಿಂಡದ ತೊಡಕಿರುವ ಸಕ್ಕರೆ ಕಾಯಿಲೆ, ಜೊತೆಗೆ ಹಂತಕ್ಕೆ ಎನ್18.4, ಇನ್ಸುಲಿನ್ನಿಗೆ ಝಡ್79.4. ಕಡತವೇ ಅಸ್ಪಷ್ಟವಾಗಿದ್ದರೆ ವೈದ್ಯರಿಗೆ ಕ್ವೆರಿ ಕಳಿಸಬೇಕು, ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ತುರುಕದಂತೆ. ಇದಕ್ಕೆ ಅಂಗರಚನೆ ಗೊತ್ತಿರಬೇಕು, ಔಷಧಿ ಗೊತ್ತಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆಯಿಂದ ಓದಲು ಬರಬೇಕು.

1983ರ ನಂತರದ ಬದಲಾವಣೆಗಳು ಒಂದರ ಬೆನ್ನಿಗೊಂದು ಬಂದವು. 1991ರಲ್ಲಿ ದಾಖಲೆಪಾಲಕರ ಸಂಘ ಅಮೆರಿಕನ್ ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಎಂದು ಹೆಸರು ಬದಲಿಸಿಕೊಂಡಿತು. 1996ರ ಹಿಪಾ ಕಾಯ್ದೆಯ ಫಲವಾಗಿ ರೋಗಿಯ ಗೋಪ್ಯತೆ ಒಂದು ಕಾನೂನು ಪಾಠವೇ ಆಯಿತು. 2009ರ ಹೈಟೆಕ್ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಹಣ ಸುರಿಯಿತು. ಅದರಡಿ 2010ರಲ್ಲಿ ಕಮ್ಯೂನಿಟಿ ಕಾಲೇಜುಗಳ ಐದು ಪ್ರಾದೇಶಿಕ ಒಕ್ಕೂಟಗಳು ರೂಪುಗೊಂಡವು. ಓಹಾಯೋದ ಕೈಹೋಗಾ, ವಾಷಿಂಗ್ಟನ್ ರಾಜ್ಯದ ಬೆಲ್ವ್ಯೂ, ಉತ್ತರ ಕೆರೊಲೈನಾದ ಪಿಟ್ ಮೊದಲಾದ ಕಾಲೇಜುಗಳು ಮುಂದಾಳತ್ವ ವಹಿಸಿ, ಹತ್ತಾರು ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಕೆಲಸಕ್ಕೆ ಜನರನ್ನು ತಯಾರುಮಾಡುವ ಸುಮಾರು ಆರು ತಿಂಗಳ ಕೋರ್ಸ್ ನಡೆಸಿದವು. ಸರ್ಕಾರ ತುರ್ತು ಕೆಲಸಕ್ಕೆ ಕಮ್ಯೂನಿಟಿ ಕಾಲೇಜನ್ನು ನಂಬಿದ್ದು ಸರಿಯಾದ ನಿರ್ಧಾರವೇ. ಆದರೆ ಎರಡು ವರ್ಷದ ಪದವಿ ಕೊಡುವ ತಳಪಾಯವನ್ನು ಆರು ತಿಂಗಳ ಕೋರ್ಸ್ ಕೊಡಲಾರದು.

2015ರ ಅಕ್ಟೋಬರ್ 1ರಂದು ಐಸಿಡಿ-10 ಎಂಬ ಕೋಡುಗಳ ಪಟ್ಟಿ ಅಮೆರಿಕದಲ್ಲಿ ಜಾರಿಗೆ ಬಂದು, ಸುಮಾರು 14,000 ಇದ್ದ ರೋಗನಿರ್ಣಯದ ಕೋಡುಗಳು ಸುಮಾರು 69,000ಕ್ಕೆ ಏರಿದವು. ಮುರಿದದ್ದು ಎಡಗೈಯೋ ಬಲಗೈಯೋ, ಇದು ಚಿಕಿತ್ಸೆಯ ಹಂತವೋ ವಾಸಿಯಾಗುತ್ತಿರುವ ಹಂತವೋ ಎಂಬುದನ್ನೂ ಕೋಡೇ ಹೇಳಬೇಕಾಯಿತು. ಬೆಂಗಳೂರಿನ ಕಚೇರಿಗಳಲ್ಲಿ ಕೂತು ಅಮೆರಿಕದ ಕಡತಗಳಿಗೆ ಕೋಡ್ ಹಾಕುವ ನಮ್ಮ ಯುವಜನರೂ ಆ ಹೊಸ ಪಟ್ಟಿಯನ್ನು ಅಭ್ಯಾಸ ಮಾಡಬೇಕಾಯಿತು. ಕರ್ನಾಟಕದಲ್ಲಿ ಮೆಡಿಕಲ್ ರೆಕಾರ್ಡ್ಸ್ ತಂತ್ರಜ್ಞಾನದ ಡಿಪ್ಲೊಮಾ ಇದೆ. ಆದರೆ ಇಂಥ ಕಚೇರಿಗಳಿಗೆ ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದವರೂ ಅಲ್ಪಾವಧಿ ತರಬೇತಿ ಪಡೆದು ಸೇರುತ್ತಾರೆ.

ಅಮೆರಿಕದಲ್ಲಿ ಎರಡು ವರ್ಷದ ಮಾನ್ಯತೆ ಪಡೆದ ಪದವಿ ಮುಗಿಸಿದವರು ಆರ್‌ಎಚ್‌ಐಟಿ ಎಂಬ ವೃತ್ತಿ ಪ್ರಮಾಣಪತ್ರದ ಪರೀಕ್ಷೆ ಬರೆಯುತ್ತಾರೆ. ಕೋಡನ್ನು ಈಗ ಸಾಫ್ಟ್‌ವೇರೇ ಸೂಚಿಸುತ್ತದೆ, ಅದನ್ನು ತಾಳೆ ನೋಡುವ ಕೆಲಸ ಹೆಚ್ಚಾಗಿದೆ. ಹೀಗಾಗಿ ದತ್ತಾಂಶ ವಿಶ್ಲೇಷಣೆ ಪಠ್ಯದೊಳಗೆ ಬಂದಿದೆ, ನಾಲ್ಕು ವರ್ಷದ ಪದವಿಯೇ ಬೇಕೆಂಬ ಒತ್ತಾಯವೂ ವೃತ್ತಿಯೊಳಗಿನಿಂದ ಎದ್ದಿದೆ. ಈ ಒತ್ತಾಯ ನನಗೆ ಒಪ್ಪಿಗೆಯಿಲ್ಲ. ಹಗಲು ದುಡಿದು ಸಂಜೆ ಓದುವವರು ಈ ವೃತ್ತಿಗೆ ಬಂದದ್ದು ಎರಡು ವರ್ಷದ ಬಾಗಿಲಿನಿಂದ. ಅದನ್ನು ತೆರೆದಿಟ್ಟು, ಪಠ್ಯದಲ್ಲಿ ಬಿಲ್ಲಿನ ಪಾಲು ತಗ್ಗಿಸಿ, ಆಸ್ಪತ್ರೆಯಲ್ಲಿ ನಿಜವಾದ ಕಡತಗಳ ಜೊತೆ ಕಳೆಯುವ ಪ್ರಾಯೋಗಿಕ ತರಬೇತಿಯನ್ನು ಹೆಚ್ಚಿಸಬೇಕು.